ಸೆರ್ಗೈ ಕೊರೊಲೆವ್: ತೆರೆಮರೆಯ ರಾಕೆಟ್ ಶಿಲ್ಪಿ

ಯೂರಿ ಗಗಾರಿನ್, ನೀಲ್ ಆರ್ಮ್‌ಸ್ಟ್ರಾಂಗ್ ಅವರ ಹೆಸರುಗಳನ್ನು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಗಗಾರಿನ್ನರನ್ನು ಬಾಹ್ಯಾಕಾಶಕ್ಕೆ ಕಳುಹಿಸಿದ, ಚಂದ್ರನಲ್ಲಿಗೂ ಮನುಷ್ಯನನ್ನು ಕಳುಹಿಸಲು ಹೊರಟಿದ್ದ ಎಂಜಿನಿಯರ್ ಸೆರ್ಗೈ ಕೊರೊಲೆವ್ ಅವರ ಹೆಸರು ಅವರು ಬದುಕಿರುವವರೆಗೂ ಸ್ವದೇಶದ ಜನರಿಗೇ ತಿಳಿದಿರಲಿಲ್ಲ.

ಕೊರೊಲೆವ್ ಜನಿಸಿದ್ದು 1907ರ ಜನವರಿ 12ರಂದು, ಇಂದಿನ ಉಕ್ರೇನಿನ ಝಿತೋಮಿರ್ ಪಟ್ಟಣದಲ್ಲಿ. ತಂದೆತಾಯಿ ಬೇರೆಯಾದ್ದರಿಂದ ಬಾಲ್ಯ ಕಳೆದದ್ದು ಅಜ್ಜ ಅಜ್ಜಿಯ ಮನೆಯಲ್ಲಿ. ಒಡೆಸ್ಸಾದ ವೃತ್ತಿಶಾಲೆಯಲ್ಲಿ ಕಟ್ಟಡ ಕೆಲಸ, ಅದರಲ್ಲೂ ಮಾಡಿಗೆ ಹೆಂಚು ಹೊದಿಸುವುದನ್ನು ಕಲಿತರು. ಆ ವಯಸ್ಸಿನಲ್ಲೇ ಒಂದು ಗ್ಲೈಡರಿನ ನಕ್ಷೆ ರಚಿಸಿದರು. ಮುಂದೆ ಮಾಸ್ಕೋದಲ್ಲಿ ವಿಮಾನ ಎಂಜಿನಿಯರಿಂಗ್ ಓದಿ, ಗೆಳೆಯರೊಡನೆ ರಾಕೆಟ್ ಪ್ರಯೋಗಗಳಲ್ಲಿ ತೊಡಗಿದರು.

1938ರಲ್ಲಿ ಸ್ಟಾಲಿನ್ ಆಡಳಿತ ಸುಳ್ಳು ಆಪಾದನೆ ಹೊರಿಸಿ ಅವರನ್ನು ಬಂಧಿಸಿತು. ಕೊಲಿಮಾ ಎಂಬ ಹಿಮಪ್ರದೇಶದ ಚಿನ್ನದ ಗಣಿಗೆ ಅವರನ್ನು ಅಟ್ಟಲಾಯಿತು. ಅಲ್ಲಿ ಹಸಿವು, ಚಳಿ, ರೋಗಗಳಿಂದ ನರಳಿ ಹಲ್ಲುಗಳನ್ನು ಕಳೆದುಕೊಂಡರು. ಬಳಿಕ ಕೈದಿ ಎಂಜಿನಿಯರುಗಳ ಕಚೇರಿಯಲ್ಲಿ ದುಡಿಸಿಕೊಂಡು, 1944ರಲ್ಲಿ ಬಿಡುಗಡೆ ಮಾಡಿದರು.

ಇಷ್ಟಾದರೂ ಅವರು ಕೆಲಸ ಬಿಡಲಿಲ್ಲ. ಅವರ ಆರ್-7 ರಾಕೆಟ್ 1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. 1961ರ ಏಪ್ರಿಲ್ 12ರಂದು ಗಗಾರಿನ್ ಭೂಮಿಯನ್ನು ಸುತ್ತಿ ಬಂದರು. ಜಗತ್ತು ಗಗಾರಿನ್ನರನ್ನು ಹೊತ್ತು ಮೆರೆಸಿತು. ಭದ್ರತೆಯ ನೆಪದಲ್ಲಿ ಕೊರೊಲೆವ್ ಮಾತ್ರ ಪತ್ರಿಕೆಗಳಲ್ಲಿ ಹೆಸರಿಲ್ಲದ ಮುಖ್ಯ ವಿನ್ಯಾಸಕರಾಗಿಯೇ ಉಳಿದರು.

ಚಂದ್ರಯಾನಕ್ಕಾಗಿ ಅವರು ಎನ್-1 ಎಂಬ ದೈತ್ಯ ರಾಕೆಟ್ ರೂಪಿಸತೊಡಗಿದರು. ಅದರ ಮೊದಲ ಹಂತಕ್ಕೇ 30 ಎಂಜಿನ್‌ಗಳು. ಹಣ ಸಾಲದು, ಎಂಜಿನ್ ತಜ್ಞ ಗ್ಲುಷ್ಕೊ ಅವರೊಡನೆ ಒಮ್ಮತವಿಲ್ಲ. ಕೆಲಸ ಅರ್ಧದಲ್ಲಿರುವಾಗಲೇ, 1966ರ ಜನವರಿ 14ರಂದು, ಶಸ್ತ್ರಚಿಕಿತ್ಸೆಯ ವೇಳೆ ಕೊರೊಲೆವ್ ತೀರಿಕೊಂಡರು. ಆಗಲೇ ಅವರ ಹೆಸರು, ಭಾವಚಿತ್ರ ಪತ್ರಿಕೆಯಲ್ಲಿ ಬಂದವು. ಮೂರು ವಾರದೊಳಗೆ ಅವರ ತಂಡ ಆರಂಭಿಸಿದ್ದ ಲೂನಾ-9 ನೌಕೆ ಚಂದ್ರನ ಮೇಲೆ ಮೆಲ್ಲನೆ ಇಳಿಯಿತು. ಎನ್-1 ಮಾತ್ರ ನಾಲ್ಕು ಬಾರಿ ಹಾರಿ ನಾಲ್ಕು ಬಾರಿಯೂ ವಿಫಲವಾಯಿತು. 1969ರ ಜುಲೈನಲ್ಲಿ ಚಂದ್ರನ ಮೇಲೆ ನಡೆದವರು ಅಮೆರಿಕದವರು.

ಆದರೂ ಅವರ ಶ್ರಮ ವ್ಯರ್ಥವಾಗಲಿಲ್ಲ. ಚಂದ್ರನ ದಾರಿಗೆಂದು ಅವರು ಯೋಜಿಸಿದ್ದ ಸೋಯುಜ್ ನೌಕೆಯನ್ನು ಮುಂದಿನವರು ಸುಧಾರಿಸಿದರು. 1984ರ ಏಪ್ರಿಲ್‌ನಲ್ಲಿ ನಮ್ಮ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದದ್ದು ಅದೇ ಮಾದರಿಯ ನೌಕೆಯಲ್ಲಿ, ಆರ್-7 ವಂಶದ ರಾಕೆಟ್ಟಿನ ಮೇಲೆ. ಹೆಂಚು ಹೊದಿಸಲು ಕಲಿತ ವೃತ್ತಿಶಾಲೆಯ ಹುಡುಗನ ದುಡಿಮೆ ನಮ್ಮ ದೇಶದವರೆಗೂ ಬಂದು ಮುಟ್ಟಿತು. ನಮ್ಮ ಶಾಲೆಯ ಮಕ್ಕಳು ಗಗನಯಾತ್ರಿಗಳ ಹೆಸರಿನೊಡನೆ ಈ ಹೆಸರನ್ನೂ ನೆನಪಿಡಲಿ.