ಎರಡು ಕುರುಡುಗಳೊಡನೆ ಹೋರಾಡಿದ ಗ್ರೇಫೆ

ಮುಪ್ಪಿನಲ್ಲಿ ದೃಷ್ಟಿಯನ್ನು ಅಪಹರಿಸುವ ವ್ಯಾಧಿಗಳಲ್ಲಿ ಪ್ರಬಲವಾದವು ಎರಡು: ಕಣ್ಣಿನ ಪೊರೆ ಮತ್ತು ಗ್ಲಾಕೋಮಾ. ಪೊರೆಯಿಂದ ಮರೆಯಾದ ನೋಟವು ಶಸ್ತ್ರಚಿಕಿತ್ಸೆಯಿಂದ ಮರಳಬಲ್ಲುದು. ಗ್ಲಾಕೋಮಾದಿಂದ ಹೋದುದು ಮರಳದು. ಇವೆರಡೂ ಒಂದೇ ಕಣ್ಣಿನಲ್ಲಿ ನೆಲೆಸಿದರೆ ವೈದ್ಯನ ವಿವೇಕಕ್ಕೆ ಕಠಿಣವಾದ ಪರೀಕ್ಷೆಯೊದಗುವುದು. ಎರಡರ ಚಿಕಿತ್ಸೆಗೂ ಹೊಸ ದಾರಿಯನ್ನು ತೆರೆದ ಮಹನೀಯನು ಬರ್ಲಿನ್ ನಗರದ ಆಲ್ಬ್ರೆಖ್ಟ್ ಫಾನ್ ಗ್ರೇಫೆ.

1828ರಲ್ಲಿ ಪ್ರಖ್ಯಾತ ಶಸ್ತ್ರವೈದ್ಯನೊಬ್ಬನ ಮಗನಾಗಿ ಜನಿಸಿದ ಆತನು ಪ್ರಾಗ್, ಪ್ಯಾರಿಸ್, ವಿಯೆನ್ನಾ, ಲಂಡನ್ ನಗರಗಳಲ್ಲಿ ವ್ಯಾಸಂಗಮಾಡಿ, ಬರ್ಲಿನ್ನಿನಲ್ಲಿ ನೇತ್ರಚಿಕಿತ್ಸಾಲಯವನ್ನು ಸ್ಥಾಪಿಸಿದನು. ಬಡವರಿಗೆ ಅಲ್ಲಿ ಚಿಕಿತ್ಸೆ ಉಚಿತವಾಗಿದ್ದಿತು. 1851ರಲ್ಲಿ ಹೆಲ್ಮ್‌ಹೋಲ್ಟ್ಸನು ಪ್ರಕಟಪಡಿಸಿದ ನೇತ್ರದರ್ಶಕದಿಂದ ಜೀವಂತ ಕಣ್ಣಿನ ಒಳಭಾಗವನ್ನು ಕಾಣುವುದು ಸಾಧ್ಯವಾಯಿತು. ಗ್ಲಾಕೋಮಾದಲ್ಲಿ ದೃಷ್ಟಿನರದ ತುದಿಯು ಉಬ್ಬಿರುವುದೆಂದು ಮೊದಲು ಬರೆದ ಗ್ರೇಫೆಯು, ಅದು ಕುಳಿಬಿದ್ದಿರುವುದೆಂದು ತಿಳಿದ ಮೇಲೆ ತನ್ನ ಮಾತನ್ನು ತಾನೇ ತಿದ್ದಿದನು. ಕಣ್ಣಿನೊಳಗಿನ ಒತ್ತಡವೇ ಅನರ್ಥದ ಮೂಲವೆಂದು ಗ್ರಹಿಸಿ, ಪಾಪೆಯ ಸುತ್ತಲಿನ ಬಣ್ಣದ ಪರದೆಯ ತುಣುಕೊಂದನ್ನು ಕತ್ತರಿಸಿ ತೆಗೆಯುವ ಕ್ರಮವನ್ನು 1857ರಲ್ಲಿ ಪ್ರಕಟಿಸಿದನು. ಅಸಾಧ್ಯವೆನಿಸಿದ್ದ ತೀವ್ರ ಗ್ಲಾಕೋಮಾಕ್ಕೆ ಫಲಕಾರಿಯಾದ ಚಿಕಿತ್ಸೆ ಹೀಗೆ ದೊರೆಯಿತು.

ಪೊರೆ ತೆಗೆಯಲು ಮಾಡುತ್ತಿದ್ದ ದೊಡ್ಡ ಗಾಯವು ಕೀವಾಗಿ ಎಷ್ಟೋ ಕಣ್ಣುಗಳು ನಾಶವಾಗುತ್ತಿದ್ದವು. 1865ರ ಸುಮಾರಿನಲ್ಲಿ ಗ್ರೇಫೆಯು ಕಿರಿದಾದ ಅಲಗಿನಿಂದ ಅಂಚಿನಲ್ಲಿ ನೇರವಾಗಿ ಸೀಳಿ, ಪರದೆಯ ತುಣುಕನ್ನೂ ತೆಗೆದು, ಪೊರೆಯನ್ನು ಹೊರತರುವ ವಿಧಾನವನ್ನು ರೂಪಿಸಿದನು. ಒಂದು ವ್ಯಾಧಿಗೆ ಉಪಕರಿಸಿದ ಛೇದನವು ಇನ್ನೊಂದರ ಚಿಕಿತ್ಸೆಗೂ ಅಂಗವಾಯಿತು. ಕ್ಷಯದಿಂದ ಬಳಲುತ್ತಲೇ ದುಡಿದ ಆತನು 1870ರ ಜುಲೈ 20ರಂದು, 42ನೆಯ ವಯಸ್ಸಿನಲ್ಲಿಯೇ ಕೀರ್ತಿಶೇಷನಾದನು.

ನಿಧಾನವಾಗಿ ಬೆಳೆಯುವ ಗ್ಲಾಕೋಮಾಕ್ಕೆ ಆತನ ಛೇದನವು ಸಾಲದಾಯಿತು. ಕಣ್ಣಿನ ಒಳನೀರಿಗೆ ಹೊಸ ಹೊರದಾರಿಯನ್ನು ಮಾಡುವ ಕ್ರಮಗಳು ಮುಂದೆ ಹುಟ್ಟಿದವು. ಅವುಗಳಲ್ಲೊಂದನ್ನು 1909ರಲ್ಲಿ ಎಲಿಯಟನು ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಆರಂಭಿಸಿದನು. ಎರಡು ವ್ಯಾಧಿಗಳೂ ಕೂಡಿದಾಗ ಪೊರೆಯನ್ನು ಮಾತ್ರ ತೆಗೆಯುವುದು, ಒತ್ತಡವನ್ನು ಮೊದಲು ತಗ್ಗಿಸುವುದು, ಎರಡನ್ನೂ ಒಂದೇ ಸಲ ನೆರವೇರಿಸುವುದು ಎಂಬ ಮೂರು ಮಾರ್ಗಗಳು ಇಂದಿನ ವೈದ್ಯರ ಮುಂದಿವೆ. ನರಕ್ಕೆ ಎಷ್ಟು ಹಾನಿಯಾಗಿದೆ, ಒತ್ತಡವು ಔಷಧಕ್ಕೆ ಮಣಿಯುವುದೇ ಎಂಬುದನ್ನು ನೋಡಿ ಮಾರ್ಗವನ್ನು ನಿಶ್ಚಯಿಸಬೇಕು.

ಪೊರೆ ಬಲಿಯಲಿ ಎಂದು ವರ್ಷಗಟ್ಟಲೆ ಕಾಯುವ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಉಂಟು. ಆ ಪೊರೆಯ ಹಿಂದೆ ನರವು ಸದ್ದಿಲ್ಲದೆ ಸಾಯುತ್ತಿದ್ದರೆ, ಪೊರೆ ತೆಗೆದ ದಿನವೂ ಕತ್ತಲೆಯೇ ಉಳಿಯುವುದು. ಕಣ್ಣಿನ ಒತ್ತಡವನ್ನೂ ನರವನ್ನೂ ಸಕಾಲದಲ್ಲಿ ಪರೀಕ್ಷಿಸಿಕೊಳ್ಳುವುದೇ ಗ್ರೇಫೆಯ ಬಾಳಿನಿಂದ ನಾವು ಪಡೆಯಬೇಕಾದ ಪಾಠ.