ರೂವಾರಿ ಮಲ್ಲಿತಮ್ಮ

ಧಾರವಾಡ ಜಿಲ್ಲೆಯ ಕರಿಮಣ್ಣಿನ ಬಯಲಿನಲ್ಲಿರುವ ಅಣ್ಣಿಗೇರಿಯು ಪ್ರಾಚೀನವಾದ ಊರು. ಬೆಳ್ವೊಲ ನಾಡಿನ ರಾಜಧಾನಿಯಾಗಿ ಮೆರೆದ ಈ ಊರಿನಲ್ಲಿ ಸುಮಾರು 1050ರಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಅಮೃತೇಶ್ವರ ದೇವಾಲಯವನ್ನು ಕಟ್ಟಿದರು. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ಕೆತ್ತಿದ್ದರೆ, ಇಲ್ಲಿಯವರು ಬಳಪದ ಕಲ್ಲನ್ನು ಆರಿಸಿಕೊಂಡರು. ಈ ಕಲ್ಲು ನೆಲದಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಆದುದರಿಂದ ಅದರಲ್ಲಿ ಸೂಕ್ಷ್ಮವಾದ ಕೆತ್ತನೆ ಸಾಧ್ಯವಾಯಿತು; ಕಂಬಗಳನ್ನು ತಿರುಗಣಿಯಲ್ಲಿ ಕಡೆದು ಕನ್ನಡಿಯಂತೆ ಹೊಳೆಯಿಸುವುದೂ ಸಾಧ್ಯವಾಯಿತು. ಈ ಕುಶಲತೆಯು ಲಕ್ಕುಂಡಿ, ಗದಗುಗಳಲ್ಲಿ ಬೆಳೆದು, ಮುಂದೆ ಹೊಯ್ಸಳರ ನಾಡಿಗೆ ಸಾಗಿತು. 1117ರಲ್ಲಿ ಬೇಲೂರಿನ ದೇವಾಲಯವು ಸಿದ್ಧವಾದಾಗ ಅಲ್ಲಿ ಕೆಲಸ ಮಾಡಿದವರಲ್ಲಿ ಗದುಗಿನ ಕಾಟೋಜನೂ ಅವನ ಮಗ ನಾಗೋಜನೂ ಇದ್ದರು. ಹೀಗೆ ಹರಿದುಬಂದ ವಿದ್ಯೆಯನ್ನು ಕಲಿತು ಬೆಳಗಿಸಿದವರಲ್ಲಿ ಅಗ್ರಗಣ್ಯನಾದವನು ರೂವಾರಿ ಮಲ್ಲಿತಮ್ಮ.

ರೂವಾರಿಯೆಂದರೆ ರೂಪವನ್ನು ಮೂಡಿಸುವವನು, ಶಿಲ್ಪಿ. ಅರಸರ ವಂಶಾವಳಿಯನ್ನು ಶಾಸನಗಳು ಹೇಳುತ್ತವೆ. ಕವಿಗಳು ತಮ್ಮ ಕಾವ್ಯಗಳಲ್ಲಿ ತಂದೆತಾಯಿಗಳನ್ನು ಸ್ಮರಿಸುತ್ತಾರೆ. ಮಲ್ಲಿತಮ್ಮನ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಅವನೇ ತನ್ನ ವಿಗ್ರಹಗಳ ಪೀಠಗಳ ಮೇಲೆ ಮಲ್ಲಿತಮ್ಮನೆಂದೋ, ಮಲ್ಲಿಯೆಂದೋ, ಕೆಲವೊಮ್ಮೆ ಮ ಎಂಬ ಒಂದೇ ಅಕ್ಷರವನ್ನೋ ಕೆತ್ತಿ ಹೋದನು. ಆ ಅಕ್ಷರಗಳ ಜಾಡನ್ನು ಹಿಡಿದು ವಿದ್ವಾಂಸರು ಅವನ ಜೀವನವನ್ನು ಕಟ್ಟಿಕೊಟ್ಟಿದ್ದಾರೆ.

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯ ಬಳಿ ಅಮೃತಾಪುರವಿದೆ. 1196ರಲ್ಲಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಅಲ್ಲಿ ದೇವಾಲಯವನ್ನು ಕಟ್ಟಿಸಿದನು. ಅಣ್ಣಿಗೇರಿಯ ದೇವರ ಹೆಸರೇ ಇಲ್ಲಿಯ ದೇವರಿಗೂ ಇರುವುದು ಒಂದು ಸೊಗಸಾದ ಹೊಂದಿಕೆ. ಇಲ್ಲಿಯ ಶಾಸನದ ಪದ್ಯಗಳನ್ನು ರಚಿಸಿದವನು ಮಹಾಕವಿ ಜನ್ನ. ಕವಿಯು ಶಾಸನದ ಪದ್ಯಗಳನ್ನು ಹೊಸೆದ ಆ ಸ್ಥಳದಲ್ಲಿಯೇ ಮಲ್ಲಿತಮ್ಮನ ಶಿಲ್ಪಜೀವನವು ಆರಂಭವಾಯಿತೆಂದು ವಿದ್ವಾಂಸರು ಭಾವಿಸುತ್ತಾರೆ. ಅವನ ಪಾಲಿಗೆ ಬಂದ ಕೆಲಸವು ಮಂಟಪದ ಮೇಲ್ಛಾವಣಿಯ ಭುವನೇಶ್ವರಿಗಳದು. ತಲೆಯೆತ್ತಿ ನೋಡದವನಿಗೆ ಅವು ಕಾಣುವುದೇ ಇಲ್ಲ.

ಕಲಿಯುವವನಿಗೆ ಇದಕ್ಕಿಂತ ಉತ್ತಮವಾದ ಪಾಠವು ಮತ್ತೊಂದಿಲ್ಲ. ನಾಲ್ಕು ಕಂಬಗಳ ಮೇಲೆ ನಾಲ್ಕು ತೊಲೆಗಳನ್ನಿಟ್ಟರೆ ಒಂದು ಚೌಕವಾದ ಅಂಕಣವಾಗುತ್ತದೆ. ಅದರ ನಾಲ್ಕು ಮೂಲೆಗಳಿಗೆ ಅಡ್ಡಲಾಗಿ ಕಲ್ಲುಗಳನ್ನು ಹೊದಿಸಿದರೆ ಚೌಕವು ಎಂಟು ಮೂಲೆಯಾಗುತ್ತದೆ. ಅದರ ಮೇಲಿನ ವರಸೆಗಳನ್ನು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಚಾಚುತ್ತ ಹೋದರೆ ಎಂಟು ಮೂಲೆಯು ವೃತ್ತವಾಗಿ, ಕೊನೆಗೆ ಒಂದು ಕಲ್ಲು ನಡುವಿನ ತೆರಪನ್ನು ಮುಚ್ಚುತ್ತದೆ. ಅಲ್ಲಿಂದ ಕಮಲದ ಮೊಗ್ಗು ಕೆಳಗೆ ತೂಗುತ್ತದೆ. ನೂಲು ಒಂದೆಳೆ ಸರಿದರೂ, ಒಂದು ಕಲ್ಲಿನ ಭಾರವು ತಪ್ಪಿದರೂ ಛಾವಣಿಯು ನಿಲ್ಲದು. ಸೌಂದರ್ಯವು ಲೆಕ್ಕವನ್ನು ಬಿಟ್ಟು ಇರಲಾರದೆಂಬುದನ್ನು ಕಲ್ಲೇ ಶಿಲ್ಪಿಗೆ ಕಲಿಸುತ್ತದೆ.

ಶಿಲ್ಪವಿದ್ಯೆಯ ಮೊದಲ ಪಾಠಗಳು ಬಹು ಸರಳವಾದವು. ಬಿಂದು, ರೇಖೆ, ಚೌಕ, ವೃತ್ತ ಇವೇ ಅದರ ಅಕ್ಷರಮಾಲೆ. ನೂಲು, ತೂಗುಗುಂಡು, ಅಳತೆಯ ಕೋಲು ಇವೇ ಅದರ ಸಲಕರಣೆಗಳು. ವಿಗ್ರಹಕ್ಕೆ ತಾಳಮಾನವೆಂಬ ಪ್ರಮಾಣವುಂಟು. ನವತಾಳದ ವಿಗ್ರಹದಲ್ಲಿ ಎತ್ತರವನ್ನು ಒಂಬತ್ತು ತಾಳಗಳಾಗಿಯೂ, ಒಂದೊಂದು ತಾಳವನ್ನು ಹನ್ನೆರಡು ಅಂಗುಲಗಳಾಗಿಯೂ ವಿಭಾಗಿಸುತ್ತಾರೆ. ಒಟ್ಟು 108 ಅಂಗುಲಗಳಲ್ಲಿ ಮುಖಕ್ಕೆ ಎಷ್ಟು, ಎದೆಗೆ ಎಷ್ಟು, ಕಾಲಿಗೆ ಎಷ್ಟು ಎಂಬುದು ಮೊದಲೇ ನಿಶ್ಚಿತವಾಗಿರುತ್ತದೆ. ಗೆರೆಯನ್ನು ಎಳೆದು ಅಳತೆಯನ್ನು ಸರಿಪಡಿಸಿಕೊಂಡ ಮೇಲೆಯೇ ಚಾಣಕ್ಕೆ ಕೆಲಸ. ಒಮ್ಮೆ ಸಿಡಿದ ಕಲ್ಲು ಮತ್ತೆ ಕೂಡದಷ್ಟೆ.

ಅಡಿಪಾಯವು ಭದ್ರವಾದ ಮೇಲೆ ಮಲ್ಲಿತಮ್ಮನ ಕೀರ್ತಿಯು ಬೆಳೆಯಿತು. 1246ರಲ್ಲಿ ನಿರ್ಮಾಣವಾದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಉತ್ತರದ ಗೋಡೆಯ ವಿಗ್ರಹಗಳು ಹೆಚ್ಚಾಗಿ ಇವನವು, ದಕ್ಷಿಣದವು ಬೈಚೋಜನವು. ಇಬ್ಬರು ಸಮರ್ಥರು ಒಂದೇ ಗುಡಿಯ ಎರಡು ಪಾರ್ಶ್ವಗಳಲ್ಲಿ ದುಡಿದರೂ ಗುಡಿಯು ಒಂದಾಗಿಯೇ ಉಳಿಯಿತು. ಒಂದೇ ಪ್ರಮಾಣಕ್ಕೆ ಇಬ್ಬರೂ ತಲೆಬಾಗಿದ್ದುದೇ ಇದಕ್ಕೆ ಕಾರಣ.

1258ರಲ್ಲಿ ಸೋಮನಾಥ ದಂಡನಾಯಕನು ಕಾವೇರಿಯ ತೀರದ ಸೋಮನಾಥಪುರದಲ್ಲಿ ಕೇಶವ ದೇವಾಲಯವನ್ನು ನಿರ್ಮಿಸಿದನು. ಅದರ ಮೂರು ಗರ್ಭಗುಡಿಗಳ ತಳವಿನ್ಯಾಸವು ಹದಿನಾರು ಮೂಲೆಗಳ ನಕ್ಷತ್ರದಂತಿದೆ. ಒಂದು ಚೌಕವನ್ನು ಬರೆದು, ಅದರ ಕೇಂದ್ರವನ್ನು ಕದಲಿಸದೆ, ಸಮಾನ ಅಂತರದಲ್ಲಿ ತಿರುಗಿಸಿ ಇನ್ನೂ ಮೂರು ಸಲ ಬರೆದರೆ ಈ ನಕ್ಷತ್ರವು ಮೂಡುತ್ತದೆ. ವಿದ್ಯಾರ್ಥಿಗಳು ಇದನ್ನು ತಮ್ಮ ಹಾಳೆಯ ಮೇಲೆಯೇ ಬರೆದು ನೋಡಬಹುದು. ಬಾಲಪಾಠದ ಚೌಕವೇ ಇಲ್ಲಿ ನಕ್ಷತ್ರವಾಗಿ ಅರಳಿದೆ. ಈ ಗೋಡೆಗಳ ಮೇಲೆ ಸುಮಾರು ನಲವತ್ತು ವಿಗ್ರಹಗಳಲ್ಲಿ ಮಲ್ಲಿತಮ್ಮನ ಹೆಸರಿದೆ. ಮಸಣಿತಮ್ಮ, ಚಾಮಯ್ಯ, ಚೌಡಯ್ಯ ಮೊದಲಾದವರ ಹೆಸರುಗಳೂ ಅವನ ಜೊತೆಗಿವೆ. ಅಮೃತಾಪುರದಿಂದ ಇಲ್ಲಿಗೆ ಅರುವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ಛಾವಣಿಯ ಕೆಲಸದಿಂದ ಹೊರಟ ತರುಣನು ಈಗ ವಯೋವೃದ್ಧನಾಗಿದ್ದನು. ಆದರೂ ಅವನ ಕೈ ಚಾಣವನ್ನು ಬಿಟ್ಟಿರಲಿಲ್ಲ.

ಕಾಲದ ಹೊಡೆತಕ್ಕೆ ಸಿಕ್ಕಿ ಸೋಮನಾಥಪುರದ ಅನೇಕ ವಿಗ್ರಹಗಳು ಭಗ್ನವಾದವು. ಅಲ್ಲಿ ಪೂಜೆಯು ನಿಂತುಹೋಯಿತು. ಆದರೆ ಕಲೆಯ ಗೌರವವು ನಿಲ್ಲಲಿಲ್ಲ. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಈ ದೇವಾಲಯವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕಟ್ಟಿಸಿದ ದಂಡನಾಯಕರ ಅಧಿಕಾರವು ಅಳಿಯಿತು; ಹೊಯ್ಸಳರ ಸಿಂಹಾಸನವೂ ಉರುಳಿತು. ಪೀಠದ ಮೇಲಿನ ಮ ಎಂಬ ಅಕ್ಷರವು ಮಾತ್ರ ಇನ್ನೂ ಉಳಿದಿದೆ. ಯಾರ ಕಣ್ಣಿಗೂ ಬೀಳದ ಕಡೆಯಲ್ಲಿಯೂ ನೂಲು ತಪ್ಪದಂತೆ ದುಡಿದವನಿಗೆ ಮಾತ್ರ ತನ್ನ ಕೃತಿಯ ಕೆಳಗೆ ಹೆಸರನ್ನು ಬರೆಯುವ ಅರ್ಹತೆಯು ಬರುತ್ತದೆ. ಮಲ್ಲಿತಮ್ಮನ ಬಾಳಿನಿಂದ ನಾವು ಕಲಿಯಬೇಕಾದ ಪಾಠವು ಇದೇ ಆಗಿದೆ.