ತಾನೇ ಏಳುವ ಬಾಗಿಲು

ನಮ್ಮ ದಿಬ್ಬೂರಹಳ್ಳಿ ಇರೋ ಜಿಲ್ಲೆಯಲ್ಲೇ, ಮುದ್ದೇನಹಳ್ಳಿಯಲ್ಲಿ, ವಿಶ್ವೇಶ್ವರಯ್ಯನವರು ಹುಟ್ಟಿದ್ದು. ಅವರೆಂದರೆ ನಮಗೆಲ್ಲ ಕೆಆರ್‌ಎಸ್ ನೆನಪಾಗುತ್ತೆ. ಆದರೆ ಕಂಟ್ರೋಲ್ ಸಿಸ್ಟಮ್ಸ್ ಓದುವವರು ನೋಡಬೇಕಾದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾ.

ಪುಣೆಯಲ್ಲಿ ಓದು ಮುಗಿಸಿ 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಖಡಕ್‌ವಾಸ್ಲಾದಲ್ಲಿ ಮಳೆಗಾಲದ ನೀರು ಕೋಡಿ ಹರಿದು ಹೋಗ್ತಿತ್ತು. ಅಣೆಕಟ್ಟು ಎತ್ತರಿಸೋ ಬದಲು ಕೋಡಿಗೆ ಬಾಗಿಲು ಕೂರಿಸಿದರು. ನೀರು ಗೊತ್ತಾದ ಮಟ್ಟ ದಾಟಿದರೆ ಅದು ತಾನೇ ಏಳುತ್ತೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. ಯುದ್ಧಟ್ಯಾಂಕಿನ ಗ್ಯಾಸ್ ಟರ್ಬೈನಿನಲ್ಲಿ ವೇಗ, ಬಿಸಿ ಅಳೆದು ಇಂಧನ ಹೆಚ್ಚುಕಡಿಮೆ ಮಾಡೋದೂ ಇದೇ ಫೀಡ್‌ಬ್ಯಾಕ್. ಇಲ್ಲಿ ಮಾತ್ರ ಸೆನ್ಸರ್ರೂ ನೀರೇ, ಬಲವೂ ನೀರೇ. ಕರೆಂಟೇ ಬೇಡ!

ಪೇಟೆಂಟ್ ಸಿಕ್ಕಿದರೂ ರಾಯಲ್ಟಿ ಬೇಡವೆಂದರು, ಸಂಬಳದ ಕೆಲಸದಲ್ಲಿ ಹುಟ್ಟಿದ್ದು ಅಂತ. ಮುಂದೆ ಕೆಆರ್‌ಎಸ್‌ಗೂ ಸ್ವಯಂಚಾಲಿತ ಬಾಗಿಲು ಬಂದವು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಅವರು 1962ರಲ್ಲಿ ತೀರಿಕೊಂಡರು; ಮುದ್ದೇನಹಳ್ಳಿಯಲ್ಲೇ ಸಮಾಧಿಯಿದೆ.